ಎಡಕ್ಕೆ ತಿರುಗಿದ ಗಂಟು

ಕ್ರಿಸ್‌ಮಸ್ ದಿನ ಬೆಳಿಗ್ಗೆ ಎಂಟು ಗಂಟೆಗೆ ಗ್ಯಾರೇಜಿಗೆ ಹೋಗಿ ಅಲ್ಲಿನ ಹಳೆಯ ಫ್ರಿಜ್ ತೆರೆದೆ. ಹಿಂದಿನ ದಿನ ಉಪ್ಪು ಸವರಿ ತಟ್ಟೆಯಲ್ಲಿ ಹಾಗೇ ಇಟ್ಟಿದ್ದ ದನದ ಮಾಂಸದ ತುಂಡನ್ನು ಯಾರೋ ದಾರದಿಂದ ಕಟ್ಟಿದ್ದರು.

ಮೂರು ಪಕ್ಕೆಲುಬುಗಳಿದ್ದ, ಏಳು ಪೌಂಡಿನ ತುಂಡು. ಪ್ರತಿ ವರ್ಷ ನಾನೇ ಆರಿಸಿ ತರುತ್ತೇನೆ. ಮಾಂಸದಂಗಡಿಯವನು ಕಟ್ಟಿಕೊಡಲೇ ಎಂದು ಕೇಳಿದ್ದ. ಬೇಡ, ಉಪ್ಪು ಎಲ್ಲ ಕಡೆಗೂ ಹತ್ತಬೇಕು, ಓವನ್‌ಗೆ ಇಡುವ ಮುಂಚೆ ನಾನೇ ಕಟ್ಟಿಕೊಳ್ಳುತ್ತೇನೆ ಎಂದಿದ್ದೆ. ಅದಕ್ಕಾಗಿ ಬಿಳಿ ದಾರದ ಹೊಸ ಉಂಡೆಯನ್ನೂ ತಂದಿದ್ದೆ. ಆ ಉಂಡೆ ಅಡುಗೆಮನೆಯ ಡ್ರಾಯರಿನಲ್ಲಿ, ಪ್ಲಾಸ್ಟಿಕ್ ಹೊದಿಕೆ ಕೂಡ ಹರಿಯದೆ ಬಿದ್ದಿತ್ತು. ಹೋಗಿ ನೋಡಿ ಬಂದೆ. ನಂಬಿಕೆ ಬರದೆ ಇನ್ನೊಮ್ಮೆ ಹೋಗಿ ನೋಡಿ ಬಂದೆ.

ಕಟ್ಟಿದ್ದ ದಾರ ಬೇರೆ. ಹಳದಿಗೆ ತಿರುಗಿದ ಹತ್ತಿಯ ದಾರ, ಒಂಬತ್ತು ಸುತ್ತು. ಅಂಗಡಿಯವರು ಕಟ್ಟುವ ಹಾಗೆ ಸುತ್ತಿಗೊಂದು ಗಂಟಲ್ಲ. ಒಂದೇ ದಾರ ಈ ತುದಿಯಿಂದ ಆ ತುದಿಯವರೆಗೆ ಹೋಗಿತ್ತು; ಮಾಂಸದ ಬೆನ್ನ ಮೇಲೆ ಸಾಲಾಗಿ ಕುಣಿಕೆಗಳು. ಮಲ್ಲಿಗೆ ಮಾಲೆಗೆ ಹಾಕುವ ಕುಣಿಕೆ. ಒಂದೊಂದೂ ಎಡಕ್ಕೆ ತಿರುಗಿತ್ತು.

ನನ್ನ ಅವ್ವ ಎಡಚಿ. ತಲೆಗೆ ಮುಡಿಯುವ ಹೂವನ್ನೂ ಕ್ರಿಸ್‌ಮಸ್ಸಿನ ಮಾಂಸವನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದವರನ್ನು ನಾನು ಕಂಡಿದ್ದು ಅವಳೊಬ್ಬಳನ್ನೇ. ಧಾರವಾಡದಲ್ಲಿ ಚರ್ಚಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಡಿಸೆಂಬರ್ ಇಪ್ಪತ್ತೈದಕ್ಕೆ ಅವ್ವ ಇಡೀ ತುಂಡು ತರಿಸಿ, ಚಾಕುವಿನಿಂದ ಅಲ್ಲಲ್ಲಿ ತೂತು ಮಾಡಿ ಬೆಳ್ಳುಳ್ಳಿ, ಲವಂಗ ತುರುಕಿ, ಗೋಡೆಗೆ ಒರಗಿ ಕೂತು, ದಾರದ ಒಂದು ಕೊನೆಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಕಟ್ಟುತ್ತಿದ್ದಳು. ಆಮೇಲೆ ದಪ್ಪ ತಳದ ಪಾತ್ರೆ, ಮುಚ್ಚಳದ ಮೇಲೆ ಕೆಂಡ. ಓವನ್ ಅನ್ನುವುದನ್ನು ಅವಳು ಮೊದಲು ಮುಟ್ಟಿದ್ದು ನ್ಯೂಯಾರ್ಕ್ ಕಡೆಯ ವೆಸ್ಟ್ ವಿಂಡ್ಸರಿನ ನಮ್ಮ ಈ ಮನೆಯಲ್ಲೇ, ಎಪ್ಪತ್ತು ದಾಟಿದ ಮೇಲೆ.

ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಕಡೆಯ ಎರಡು ವರ್ಷ ಅವಳಿಗೆ ನಾವು ಯಾರೂ ಗುರುತು ಸಿಗುತ್ತಿರಲಿಲ್ಲ. ಕೈಗೆ ಮಾತ್ರ ಕೆಲಸ ಬೇಕಿತ್ತು. ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ದಾರ ಇಟ್ಟುಕೊಂಡು ಚಮಚ, ಪೆನ್ನು, ಒಣಗಿದ ಎಲೆ, ಸಿಕ್ಕಿದ್ದನ್ನೆಲ್ಲ ಮಾಲೆ ಕಟ್ಟುತ್ತಿದ್ದಳು. ಒಂದೆರಡು ಸಲ ಗ್ಯಾರೇಜಿನ ಮೂಲಕ ಹೊರಗೆ ನಡೆದುಬಿಟ್ಟಿದ್ದಳು. ಆಗ ಮಗಳು ಗ್ಯಾರೇಜಿನಲ್ಲಿ ಒಂದು ಸಣ್ಣ ಕ್ಯಾಮೆರಾ ಹಾಕಿಸಿದಳು. ಅಜ್ಜಿ ಹೋದ ಮೇಲೂ ಅದನ್ನು ಯಾರೂ ತೆಗೆಯಲಿಲ್ಲ.

ನಾನು ಸಂಖ್ಯಾಶಾಸ್ತ್ರ ಓದಿದವನು. ಔಷಧಗಳ ಪ್ರಯೋಗದಲ್ಲಿ ರೋಗಿಗಳು ತಮ್ಮ ಬಗ್ಗೆ ತಾವೇ ನೆನಪಿನಿಂದ ಹೇಳಿದ್ದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಲೆಕ್ಕ ಹಾಕುವುದೇ ನನ್ನ ಕೆಲಸವಾಗಿತ್ತು. ಹೆಚ್ಚು ನಂಬಬಾರದು ಎಂದೇ ಪ್ರತಿ ಸಲವೂ ಬರೆದಿದ್ದೇನೆ. ಆದರೆ ಅದು ಬೇರೆಯವರ ನೆನಪು.

ಆ ಕ್ರಿಸ್‌ಮಸ್ಸಿಗೆ ಮುಂಚಿನ ಅಕ್ಟೋಬರಿನಲ್ಲಿ ಒಂದು ಸಂಜೆ ನ್ಯೂಯಾರ್ಕಿನಿಂದ ಬಂದು ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ಇಳಿದು, ಮುಕ್ಕಾಲು ಗಂಟೆ ಕಾರು ಹುಡುಕಿ, ಕಳುವಾಗಿದೆ ಎಂದು ಪೊಲೀಸರನ್ನು ಕರೆದೆ. ಕಾರು ಮನೆಯ ಮುಂದೆಯೇ ಇತ್ತು. ಬೆಳಿಗ್ಗೆ ನನ್ನನ್ನು ಸ್ಟೇಷನ್ನಿಗೆ ಬಿಟ್ಟಿದ್ದು ಹೆಂಡತಿ. ನಾನು ಮಾತ್ರ ಪೊಲೀಸಿನವನಿಗೆ ಕಾರು ನಿಲ್ಲಿಸಿದ ಸಾಲು, ಪಕ್ಕದಲ್ಲಿದ್ದ ಕೆಂಪು ವ್ಯಾನು, ಎಲ್ಲವನ್ನೂ ಹೇಳಿದ್ದೆ. ಹೇಳುವಾಗ ಅವೆಲ್ಲ ಕಣ್ಣಿಗೆ ಕಟ್ಟಿದಂತಿದ್ದವು. ಹೆಂಡತಿಯೂ ಮಗಳೂ ನೆನಪಿನ ಪರೀಕ್ಷೆ ಮಾಡಿಸಿ ಎಂದು ಪಟ್ಟು ಹಿಡಿದರು. ನವೆಂಬರಿನ ಒಂದು ಅಪಾಯಿಂಟ್‌ಮೆಂಟನ್ನು ನಾನು ಅವರಿಗೆ ಹೇಳದೆ ಕ್ಯಾನ್ಸಲ್ ಮಾಡಿದೆ. ಗೊತ್ತಾಗಿ ಜಗಳವಾಯಿತು. ಕೊನೆಗೆ ನಾನೇ ಒಂದು ಮಾತು ಕೊಟ್ಟೆ: ಇನ್ನೊಂದು ಸಲ ಹೀಗೆ ಆದರೆ ಬರುತ್ತೇನೆ, ಎದುರು ಮಾತಾಡುವುದಿಲ್ಲ.

ಫ್ರಿಜ್ಜಿನ ಮುಂದೆ ನಿಂತಾಗ ನನ್ನ ತಲೆಯಲ್ಲಿದ್ದುದು ಆ ಮಾತು. ಇದು ಆ ಇನ್ನೊಂದು ಸಲವೇ ಹೌದೋ ಅಲ್ಲವೋ?

ಅಡುಗೆಮನೆಗೆ ಬಂದೆ. ಹೆಂಡತಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಅವಳು ಮೈಸೂರಿನ ಕಟ್ಟಾ ಸಸ್ಯಾಹಾರಿ ಮನೆಯವಳು. ಕ್ರಿಸ್‌ಮಸ್ ಮೇಜಿನ ಒಂದು ತುದಿ ನನ್ನದು, ಇನ್ನೊಂದು ತುದಿ ಅವಳ ಚಿತ್ರಾನ್ನದ್ದು.

"ರೀ, ಕಾಫಿ ಆರಿಹೋಗ್ತಿದೆ. ಗ್ಯಾರೇಜಿಗೂ ಇಲ್ಲಿಗೂ ಎಷ್ಟು ಸಲ ಓಡಾಡ್ತೀರಾ? ವಾಕಿಂಗ್ ಇಲ್ಲೇ ಮುಗಿಸ್ತಿದೀರಾ ಹೇಗೆ?"

"ಆ ಮಾಂಸ ನೀನೇನಾದ್ರೂ ಮುಟ್ಟಿದ್ಯಾ?"

ಅವಳು ಚಾಕು ಕೆಳಗಿಟ್ಟಳು. "ಮೂವತ್ತೊಂದು ವರ್ಷದಿಂದ ಮುಟ್ಟದೇ ಇರೋದನ್ನ ಈಗ ಮುಟ್ತೀನಾ? ಆ ಫ್ರಿಜ್ ಹ್ಯಾಂಡಲನ್ನೇ ನಾನು ಟಿಷ್ಯೂನಲ್ಲಿ ಹಿಡ್ಕೊಂಡು ತೆಗೆಯೋದು. ಯಾಕೆ, ಏನಾಯ್ತು?"

"ಏನಿಲ್ಲ. ಸುಮ್ನೆ ಕೇಳಿದೆ."

ಮಗಳು ಹಿಂದಿನ ಸಂಜೆ ಜರ್ಸಿ ಸಿಟಿಯಿಂದ ಬಂದಿದ್ದಳು. ಸೋಫಾದಲ್ಲಿ ಕಂಬಳಿ ಹೊದ್ದು ಮಲಗಿದ್ದವಳನ್ನು ಕೇಳಿದೆ: ನಿನಗೆ ಹೂವು ಕಟ್ಟಲು ಬರುತ್ತದೆಯೇ?

"ಅಪ್ಪಾ, ಐ ಕಾಂಟ್ ಈವನ್ ಟೈ ಮೈ ಓನ್ ಹೇರ್. ವೈ?"

"ಏನಿಲ್ಲ."

ಮಹಡಿಯ ಮೇಲೆ ಅವ್ವನ ಕೋಣೆಗೆ ಹೋದೆ. ಡಬ್ಬಿ ಕಪಾಟಿನಲ್ಲೇ ಇತ್ತು. ಒಳಗೆ ಹಳದಿ ದಾರ, ಅದರ ಮೇಲೆ ಉಗುರು ಕತ್ತರಿ. ದಾರದ ಕೊನೆ ಹೊಸದಾಗಿ ಕತ್ತರಿಸಿದ್ದು. ಎಳೆ ಒಂದೂ ಬಿಚ್ಚಿಕೊಂಡಿರಲಿಲ್ಲ. ಡಬ್ಬಿಯ ಮೇಲೆ ನಾಲ್ಕು ವರ್ಷದ ಧೂಳು ಇರಬೇಕಿತ್ತು. ಇರಲಿಲ್ಲ.

ಹಿಂದಿನ ದಿನ ನಾನು ಏನೇನು ಮಾಡಿದೆ ಎಂದು ಬೆರಳು ಮಡಿಚಿ ನೆನಪಿಸಿಕೊಂಡೆ. ಬೆಳಿಗ್ಗೆ ಉಪ್ಪು ಸವರಿದ್ದು. ಮಧ್ಯಾಹ್ನ ಐಸೆಲಿನ್‌ನ ಇಂಡಿಯನ್ ಅಂಗಡಿಗೆ ಹೋಗಿ ಹೆಂಡತಿಗೆ ಕೊತ್ತಂಬರಿ, ನಿಂಬೆಹಣ್ಣು ತಂದದ್ದು. ಐದು ಗಂಟೆಗೆ, ಹೊರಗೆ ಆಗಲೇ ಕತ್ತಲಾಗಿದ್ದಾಗ, ಚರ್ಚಿಗೆ ಹೋಗಲು ನೀಲಿ ಅಂಗಿಗೆ ಇಸ್ತ್ರಿ ಹಾಕಿದ್ದು. ಕಾಲರಿನ ಮೇಲೆ ನೀರು ಚಿಮುಕಿಸಿದಾಗ ಎದ್ದ ಹಬೆಯ ವಾಸನೆ ಕೂಡ ನೆನಪಿತ್ತು. ಉಪ್ಪು ಸವರಿ ಇಟ್ಟ ಮೇಲೆ ಗ್ಯಾರೇಜಿಗೆ ಹೋಗಿರಲೇ ಇಲ್ಲ. ಆಣೆ ಮಾಡಿ ಹೇಳಬಲ್ಲೆ ಅನ್ನುವಷ್ಟು ಖಚಿತ. ಆದರೆ ಕೆಂಪು ವ್ಯಾನು ಕೂಡ ಅಷ್ಟೇ ಖಚಿತವಾಗಿತ್ತಲ್ಲ.

ಆ ಕೋಣೆಯಲ್ಲಿ ನಿಂತು ನಾನು ಮಾಡಿದ ಯೋಚನೆ ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ದೇವರು, ದೆವ್ವ ಎರಡನ್ನೂ ಇಪ್ಪತ್ತನೆಯ ವಯಸ್ಸಿಗೇ ಬಿಟ್ಟವನು ನಾನು. ಚರ್ಚಿಗೆ ಹೋಗುವುದು ಹಾಡು ಕೇಳಲು. ಅಂಥವನು ಆ ಹೊತ್ತಿನಲ್ಲಿ, ಇದನ್ನು ಕಟ್ಟಿದ್ದು ಅವ್ವನೇ ಆಗಿರಲಿ ಎಂದು ಆಸೆಪಟ್ಟೆ. ಸತ್ತವಳು ಬಂದು ಕಟ್ಟಿದ್ದರೆ ಲೋಕದ ಬಗ್ಗೆ ನಾನು ತಿಳಿದದ್ದು ತಪ್ಪು ಅಷ್ಟೆ. ನಾನೇ ಕಟ್ಟಿದ್ದರೆ ಅವ್ವನಿಗೆ ಆದದ್ದು ನನಗೂ ಶುರುವಾಗಿದೆ. ಇವೆರಡರಲ್ಲಿ ದೆವ್ವವೇ ಹಗುರ ಅನ್ನಿಸಿತು.

ಒಂಬತ್ತೂವರೆಗೆ ಹುಬ್ಬಳ್ಳಿಯಿಂದ ಅಕ್ಕನ ಫೋನು ಬಂತು. ಅಲ್ಲಿ ಆಗ ರಾತ್ರಿ ಎಂಟು. ಹಬ್ಬದ ಮಾತೆಲ್ಲ ಮುಗಿದ ಮೇಲೆ ಹಗುರವಾಗಿ ಕೇಳಿದೆ, ಮನೆಯಲ್ಲಿ ಅವ್ವ ಬಿಟ್ಟರೆ ಬೇರೆ ಯಾರು ಹೂವು ಕಟ್ಟುತ್ತಿದ್ದರು ಅಂತ.

"ಯಾರಂದ್ರ? ನೀನ ಕಟ್ಟತಿದ್ದೆಲ್ಲೋ."

"ನಾನಾ? ನನಗ ಹೂವು ಕಟ್ಟಾಕ ಬರಂಗಿಲ್ಲ."

"ಈಗ ಬರಂಗಿಲ್ಲ ಅನ್ನು. ಸಣ್ಣಾಂವಿದ್ದಾಗ ಅವ್ವನ ಬಾಜೂಕ ಕುಂತು ಅಕಿಗಿಂತ ಲಗೂ ಕಟ್ಟತಿದ್ದಿ. ನನಗ ಬಲಗೈ, ನನ್ನ ಗಂಟು ಬ್ಯಾರೆ. ನಿಮ್ಮಿಬ್ಬರದೂ ಎಡಗೈ, ಅದಕ್ಕ ಒಂದ ಮಾಲಿ ಇಬ್ಬರೂ ಕೂಡಿ ಕಟ್ಟತಿದ್ರಿ."

"ನಾನೇನು ಎಡಚ ಅಲ್ಲ, ಅಕ್ಕಾ."

"ಯಪ್ಪಾ, ಏನ್ ಮಾತಾಡ್ತೀಯೋ! ಎರಡನೇ ಇಯತ್ತೆಗೆ ಹೋದಾಗ ಮಾಸ್ತರ ಕೈ ಮ್ಯಾಲೆ ಪಟ್ಟಿ ತೊಗೊಂಡು ಹೊಡದು ಹೊಡದು ಬಿಡಿಸಿದ್ರು. ಅಪ್ಪಗೂ ಅದ ಬೇಕಾಗಿತ್ತು. ಒಂದು ತಿಂಗಳು ಎಡಗೈ ಕಟ್ಟಿ ಇಟ್ಟಿದ್ರಲ್ಲ, ಊಟಕ್ಕ ಕುಂತಾಗನೂ. ಅದೆಲ್ಲ ಮರತಿ?"

ಅಕ್ಕನಿಗೆ ಎಪ್ಪತ್ತೊಂದು. ನೆನಪು ಕಲಸಿಹೋಗಿದೆ, ಯಾರದೋ ಕಥೆಯನ್ನು ನನಗೆ ಅಂಟಿಸುತ್ತಿದ್ದಾಳೆ ಅಂದುಕೊಂಡೆ. ಫೋನು ಇಟ್ಟ ಮೇಲೆ ಎಡಗೈಯನ್ನು ತಿರುಗಿಸಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಲವಂಗದ ವಾಸನೆ ಇದ್ದಂತೆ ಅನ್ನಿಸಿತು. ಸೋಪು ಹಾಕಿ ತೊಳೆದೆ. ನಾನು ತುಂಡಿಗೆ ಲವಂಗ ಹಾಕಿರಲಿಲ್ಲ, ಉಪ್ಪು ಮಾತ್ರ.

ಹನ್ನೊಂದೂವರೆಗೆ ಮಾಂಸವನ್ನು ಓವನ್‌ಗೆ ಇಟ್ಟೆ. ದಾರವನ್ನು ಕತ್ತರಿಸಿ ಬಿಸಾಡಿ, ನನ್ನ ಬಿಳಿ ದಾರದಿಂದ ಕಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕತ್ತರಿ ಕೈಯಲ್ಲಿ ಹಿಡಿದಿದ್ದೆ ಕೂಡ. ಆದರೆ ಬೇಡದ ಸಾಕ್ಷ್ಯವನ್ನು ಬಿಸಾಡುವವರನ್ನು ಕೆಲಸದಲ್ಲಿ ಜೀವನವಿಡೀ ಬೈದವನು ನಾನು. ಫೋನಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡು ಹಾಗೇ ಒಳಗಿಟ್ಟೆ. ಇನ್ನೂರೈವತ್ತು ಡಿಗ್ರಿ ಫ್ಯಾರನ್‌ಹೀಟ್, ಸಣ್ಣ ಉರಿ. ಥರ್ಮಾಮೀಟರಿನ ಕಡ್ಡಿಯನ್ನು ನಡುವಿಗೆ ಚುಚ್ಚಿದೆ.

ಆಮೇಲೆ ಕೂರಲಾಗಲಿಲ್ಲ. ಓವನ್ನಿನ ಗಾಜಿನೊಳಗೆ ಬಗ್ಗಿ ನೋಡುವುದು, ಡ್ರೈವ್‌ವೇವರೆಗೆ ಹೋಗುವುದು, ಬರುವುದು. ಎರಡು ಗಂಟೆಯ ಹೊತ್ತಿಗೆ ಮನೆಯೆಲ್ಲ ವಾಸನೆ ತುಂಬಿತು. ಅದು ನನ್ನ ರೋಸ್ಟಿನ ವಾಸನೆಯಲ್ಲ.

"ಈ ಸಲ ಲವಂಗ ಹಾಕಿದೀರಾ?" ಹೆಂಡತಿ ಕೇಳಿದಳು. "ಅತ್ತೆ ಮಾಡ್ತಿದ್ದ ಹಾಗೆ ವಾಸ್ನೆ ಬರ್ತಿದೆ."

ನಾನು ಬಟ್ಟೆ ತೆಗೆದುಕೊಂಡು ಕಟ್ಟೆ ಒರೆಸತೊಡಗಿದೆ. ಅವಳು ನನ್ನ ಮುಖ ನೋಡಿ, ಓವನ್ನಿನ ಹತ್ತಿರ ಹೋಗಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಬಗ್ಗಿ ಗಾಜಿನೊಳಗೆ ನೋಡಿದಳು. ಎದ್ದು ನಿಂತಳು. ನನ್ನ ತೋಳನ್ನೊಮ್ಮೆ ಮುಟ್ಟಿ ಚಿತ್ರಾನ್ನದ ಕಡೆ ಹೋದಳು.

ನಾಲ್ಕು ಗಂಟೆಗೆ ಮೂರು ಮನೆಯವರು ಬಂದರು, ಎಲ್ಲ ಕನ್ನಡದವರೇ. ರೋಸ್ಟನ್ನು ಮೇಜಿನ ಮೇಲೆ ಇಟ್ಟು ಮುಚ್ಚಿದ್ದ ಅಲ್ಯೂಮಿನಿಯಂ ಹಾಳೆ ತೆಗೆದೆ. ಮೇಲ್ಭಾಗ ಕಂದು ಬಣ್ಣಕ್ಕೆ ತಿರುಗಿತ್ತು. ಸುಟ್ಟ ದಾರದ ಸಾಲು ಬೆನ್ನ ಮೇಲೆ ಎದ್ದು ಕಾಣುತ್ತಿತ್ತು. ಮಂಗಳೂರಿನ ಕಡೆಯ ಒಬ್ಬ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದವಳು, ಬಗ್ಗಿ ನೋಡಿ ನಕ್ಕಳು.

"ಅಂಕಲ್, ಇದೆಂತ ಇದು? ಮಲ್ಲಿಗೆ ಕಟ್ಟಿದ ಹಾಗೆ ಕಟ್ಟಿದ್ದೀರಲ್ಲ! ಮುಡಿಯುವುದಾ, ತಿನ್ನುವುದಾ?"

ಎಲ್ಲರೂ ನಕ್ಕರು. ಮಗಳು ಫೋನು ಕೆಳಗಿಟ್ಟು ಮಾಂಸವನ್ನು ನೋಡಿದಳು, ಆಮೇಲೆ ನನ್ನನ್ನು. ಬೆಳಿಗ್ಗೆ ನಾನು ಕೇಳಿದ ಪ್ರಶ್ನೆ ಅವಳಿಗೆ ಈಗ ಅರ್ಥವಾಗುತ್ತಿತ್ತು.

"ನಾನೇ ಕಟ್ಟಿದ್ದು," ಎಂದಳು ಹೆಂಡತಿ.

"ನೀವಾ ಆಂಟಿ? ನೀವು ಮೊಟ್ಟೆಯನ್ನೂ ಮುಟ್ಟುವುದಿಲ್ಲ ಅಂತ ಕೇಳಿದ್ದೆ!"

"ಇವರಿಗೆ ಬೆನ್ನು ನೋವು. ಬಗ್ಗೋಕಾಗಲ್ಲ. ಗ್ಲೌಸ್ ಹಾಕ್ಕೊಂಡು ಕಟ್ಟಿಕೊಟ್ಟೆ. ಎಲ್ಲಾರೂ ತಟ್ಟೆ ತೊಗೊಳ್ಳಿ, ಅನ್ನ ಆರಿಹೋಗತ್ತೆ."

ನನಗೆ ಬೆನ್ನು ನೋವಿಲ್ಲ. ಅವಳು ಬಲಗೈಯವಳು, ಅವಳ ಮಾಲೆಗಳ ಗಂಟು ಬಲಕ್ಕೆ ತಿರುಗುತ್ತದೆ. ಆದರೂ ಆ ಕ್ಷಣದಲ್ಲಿ ನಾನು ಅವಳ ಮಾತನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಅವಳೇ ಕಟ್ಟಿದ್ದಾಳೆ. ಅತ್ತೆಯ ನೆನಪಿಗೆ ಕಟ್ಟಿದ್ದಾಳೆ, ಬೆಳಿಗ್ಗೆ ಹೇಳಲು ಸಂಕೋಚಪಟ್ಟಿದ್ದಾಳೆ. ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ನಾಲ್ಕೂವರೆಯಿಂದ ಆರೂವರೆಯವರೆಗೆ ನಾನು ಅದನ್ನು ನಂಬಿಕೊಂಡೇ ಊಟ ಬಡಿಸಿದೆ.

ಮಾಂಸ ಕುಯ್ಯುವ ಮುಂಚೆ ದಾರ ತೆಗೆಯಬೇಕು. ಅವ್ವ ಹಾಕುತ್ತಿದ್ದ ಕುಣಿಕೆ ಎಂಥದ್ದೆಂದರೆ ಒಳಗೆ ಹಿಡಿದದ್ದು ಇರುವವರೆಗೆ ಮಾತ್ರ ಅದು ಗಂಟು. ಒಂದು ತುದಿ ಕತ್ತರಿಸಿ ಇಡೀ ಕಟ್ಟನ್ನು ಕೆಳಗೆ ಜಾರಿಸಿದೆ. ದಾರವನ್ನು ಎರಡೂ ಕೊನೆ ಹಿಡಿದು ಎಳೆದಾಗ ಒಂಬತ್ತು ಕುಣಿಕೆಗಳೂ ಒಂದರ ಹಿಂದೊಂದು ಬಿಚ್ಚಿಕೊಂಡು, ಕೈಯಲ್ಲಿ ಉಳಿದದ್ದು ಎಣ್ಣೆ ಹತ್ತಿದ ಉದ್ದ ದಾರ. ಗಂಟಿತ್ತು ಎನ್ನಲು ಗುರುತೇ ಇಲ್ಲ. ಚಾಕು ಒಳಗೆ ಹೋದಲ್ಲೆಲ್ಲ ಮೆತ್ತಗಾದ ಬೆಳ್ಳುಳ್ಳಿ, ಕಪ್ಪು ಲವಂಗ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಇಷ್ಟು ವರ್ಷದಲ್ಲಿ ಇದೇ ಅತ್ಯುತ್ತಮ ಅಂದರು. ನನಗೂ ಹಾಗೇ ಅನ್ನಿಸಿತು. ಎರಡನೆಯ ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿದೆ.

ಅತಿಥಿಗಳು ಹೋದ ಮೇಲೆ ಮಗಳು ಪಾತ್ರೆ ತೊಳೆಯುವ ಯಂತ್ರದ ಬಾಗಿಲು ಮುಚ್ಚಿ ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ಯು ಡಿಡ್ ನಾಟ್ ಟೈ ದಟ್."

"ನಾನೇ ಕಟ್ಟಿದ್ದು ಅಂದ್ನಲ್ಲ."

"ಓಕೆ. ದೆನ್ ಲೆಟ್ಸ್ ಜಸ್ಟ್ ಚೆಕ್ ದ ಕ್ಯಾಮೆರಾ. ಇಟ್ ಸೇವ್ಸ್ ಎವರಿಥಿಂಗ್ ಫಾರ್ ಎ ವೀಕ್."

"ಬೇಡ," ಎಂದಳು ಹೆಂಡತಿ. ಇಷ್ಟು ಜೋರಾಗಿ ಅವಳು ಮಗಳೊಡನೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಹಬ್ಬದ ದಿನ ಅದೆಲ್ಲ ಬೇಡ. ಆಯ್ತಲ್ಲ, ತಿಂದಾಯ್ತಲ್ಲ, ಚೆನ್ನಾಗಿತ್ತಲ್ಲ."

ಬೆಳಿಗ್ಗೆಯಿಂದ ಹತ್ತಾರು ಸಲ ಆ ಕ್ಯಾಮೆರಾದ ಕೆಳಗೇ ಓಡಾಡಿದ್ದೆ. ತಲೆ ಎತ್ತಿ ನೋಡಿರಲಿಲ್ಲ. ಮರೆತಿದ್ದೆ ಎಂದು ಹೇಳಿದರೆ ನೀವು ನಂಬಬಹುದು, ನಾನು ನಂಬುವುದಿಲ್ಲ.

"ಹಾಕು," ಎಂದೆ.

ಮೂವರೂ ಸೋಫಾದಲ್ಲಿ ಕೂತೆವು. ಮಗಳು ಫೋನಿನಲ್ಲಿ ಇಪ್ಪತ್ತನಾಲ್ಕನೆಯ ತಾರೀಖಿಗೆ ಹೋದಳು. ಸಂಜೆ ಐದು ಗಂಟೆ ಆರು ನಿಮಿಷ. ಮನೆಯೊಳಗಿನ ಬಾಗಿಲಿನಿಂದ ನಾನು ಬಂದೆ. ಇಸ್ತ್ರಿ ಹಾಕುತ್ತಿದ್ದೆನೆಂದು ನೆನಪಿದ್ದ ನೀಲಿ ಅಂಗಿ ಆಗಲೇ ಮೈಮೇಲಿತ್ತು. ಕೈಯಲ್ಲಿ ದಾರ. ಫ್ರಿಜ್ ತೆರೆದು ತಟ್ಟೆಯನ್ನು ಹೊರಗೆ ತೆಗೆದು, ಮೇಜಿನ ಮೇಲಿಟ್ಟು, ಚಾಕುವಿನಿಂದ ತೂತು ಮಾಡಿ, ಜೇಬಿನಿಂದ ಬೆಳ್ಳುಳ್ಳಿ, ಲವಂಗ ಒಂದೊಂದೇ ತೆಗೆದು ತುರುಕಿದೆ. ಆಮೇಲೆ ಕಟ್ಟಲು ಶುರು ಮಾಡಿದೆ. ಎಡಗೈಯಲ್ಲಿ.

ಅಷ್ಟು ವೇಗವಾಗಿ ನನ್ನ ಕೈ ಓಡುವುದನ್ನು ನಾನು ಕಂಡಿಲ್ಲ. ಬೆರಳುಗಳ ಕಡೆ ನಾನು ನೋಡುತ್ತಲೂ ಇರಲಿಲ್ಲ. ಬಾಗಿಲ ಹತ್ತಿರದ ಮೆಟ್ಟಿಲಿನ ಕಡೆ, ಕೆಳಗೆ, ಯಾರೋ ಕೂತಿದ್ದರೆ ಅವರ ಮುಖ ಇರುವ ಎತ್ತರಕ್ಕೆ ನೋಡುತ್ತಿದ್ದೆ. ಆ ಮೆಟ್ಟಿಲು ಕ್ಯಾಮೆರಾದಲ್ಲಿ ಕಾಣುವುದಿಲ್ಲ. ತುಟಿ ಆಡುತ್ತಿತ್ತು. ಫ್ರಿಜ್ಜಿನ ಗುಯ್ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ನಡುವೆ ಒಮ್ಮೆ ನಿಲ್ಲಿಸಿ, ಯಾರೋ ತಪ್ಪು ತೋರಿಸಿದಂತೆ ತಲೆಯಾಡಿಸಿ, ಎರಡು ಕುಣಿಕೆ ಬಿಚ್ಚಿ ಮತ್ತೆ ಹಾಕಿದೆ. ಆಮೇಲೆ ನಕ್ಕೆ. ನನ್ನ ಮುಖದಲ್ಲಿ ಆ ನಗುವನ್ನು ನಾನು ಯಾವ ಫೋಟೋದಲ್ಲೂ ಕಂಡಿಲ್ಲ. ಏಳು ವರ್ಷದ ಹುಡುಗನ ನಗು.

ಹೆಂಡತಿ ನನ್ನ ಎಡಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಮಗಳು ಅಳುತ್ತಿದ್ದಳು.

"ಇಟ್ಸ್ ಓಕೆ ಅಪ್ಪಾ," ಎಂದಳು. "ಅಟ್ ಲೀಸ್ಟ್ ನೌ ವಿ ನೋ."

"ದಾರ ನೋಡೇ," ಎಂದಳು ಹೆಂಡತಿ ಮೆಲ್ಲಗೆ.

ನಾನೂ ಅದನ್ನೇ ನೋಡುತ್ತಿದ್ದೆ. ಮಾಂಸದಿಂದ ಹೊರಟ ದಾರ ಓರೆಯಾಗಿ ಕೆಳಗಿಳಿದು, ಮೆಟ್ಟಿಲಿನ ಕಡೆ, ಕಾಣುವ ಜಾಗದ ಹೊರಗೆ ಹೋಗುತ್ತಿತ್ತು. ಸಡಿಲವಾಗಿ ಬಿದ್ದಿರಲಿಲ್ಲ. ನಾನು ಎಳೆದಾಗ ಬಿಗಿಯುತ್ತಿತ್ತು, ಬಿಟ್ಟಾಗ ತುಸು ಸಡಿಲಗೊಂಡು ಮತ್ತೆ ಆ ಕಡೆಯಿಂದ ಬಿಗಿಯುತ್ತಿತ್ತು. ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡವರು ಹಾಗೆ ಮಾಡುತ್ತಾರೆ.

"ಡೋರ್ ನಾಬ್‌ಗೆ ಕಟ್ಟಿರಬೇಕು," ಎಂದಳು ಮಗಳು. ಬಾಗಿಲಿನ ಹಿಡಿ ನನ್ನ ಸೊಂಟದ ಎತ್ತರಕ್ಕಿದೆ. ದಾರ ನೆಲದ ಹತ್ತಿರಕ್ಕೆ ಇಳಿದಿತ್ತು. ಅವಳಿಗೂ ಅದು ಕಾಣುತ್ತಿತ್ತು. ಎದ್ದು ಗ್ಯಾರೇಜಿಗೆ ಹೋಗಿ ಮೆಟ್ಟಿಲು ನೋಡಿದೆ. ಮೊಳೆಯಿಲ್ಲ, ಕೊಕ್ಕೆಯಿಲ್ಲ, ಭಾರದ ವಸ್ತು ಒಂದೂ ಇಲ್ಲ. ಇದ್ದು, ಆಮೇಲೆ ನಾನೇ ತೆಗೆದಿಟ್ಟಿರಬಹುದು. ನಾನು ತೆಗೆದಿಟ್ಟಿಲ್ಲ ಎಂದು ಈಗ ಯಾವ ಬಾಯಲ್ಲಿ ಹೇಳಲಿ?

ಒಳಗೆ ಬಂದು ಹೆಂಡತಿಗೆ, "ಅಪಾಯಿಂಟ್‌ಮೆಂಟ್ ಮಾಡು," ಎಂದೆ.

"ಕ್ಯಾನ್ಸಲ್ ಮಾಡಲ್ವಲ್ಲ?"

"ಮಾತು ಕೊಟ್ಟಿದ್ದೆನಲ್ಲ."

"ನೆನಪಿದೆ ಹಾಗಾದ್ರೆ," ಎಂದಳು ಹೆಂಡತಿ. ನಗಬೇಕೆಂದೇ ಹೇಳಿದ್ದು. ಇಬ್ಬರೂ ನಕ್ಕೆವು.

ಜನವರಿಯ ಎರಡನೆಯ ವಾರ ಕ್ಲಿನಿಕ್ಕಿನಲ್ಲಿ ಒಂದು ಹಲಗೆಗೆ ಸಿಕ್ಕಿಸಿದ ಫಾರಂ ಕೊಟ್ಟು ತುಂಬಿಸಲು ಹೇಳಿದರು. ಹೆಸರು, ಹುಟ್ಟಿದ ದಿನ, ತಂದೆತಾಯಿಗೆ ಮರೆವಿನ ಕಾಯಿಲೆ ಇತ್ತೇ ಎಂಬುದು. ಒಂದೊಂದನ್ನೇ ಬರೆದೆ. ಏಳನೆಯ ಸಾಲಿನಲ್ಲಿ, ನೀವು ಬಲಗೈಯವರೋ ಎಡಗೈಯವರೋ ಎಂದು ಕೇಳಿ ಎರಡು ಚೌಕ ಕೊಟ್ಟಿದ್ದರು. ಪೆನ್ನು ಬಲಗೈಯಲ್ಲಿತ್ತು. ಅಕ್ಕ ಹೇಳಿದ ಆ ಒಂದು ತಿಂಗಳು ನನಗೆ ಇವತ್ತಿಗೂ ನೆನಪಿಲ್ಲ. ಮಾಸ್ತರರ ಮುಖವಿಲ್ಲ, ಪಟ್ಟಿಯ ಏಟಿಲ್ಲ, ಕಟ್ಟಿದ ಬಟ್ಟೆಯಿಲ್ಲ. ಕಾರು ಮರೆತದ್ದು, ದಾರ ಕಟ್ಟಿದ್ದು ಮರೆತದ್ದು ಈಚಿನದು. ಇದನ್ನು ಮರೆತು ಐವತ್ತೈದು ವರ್ಷವಾಗಿದೆ, ಯಾವ ಕಾಯಿಲೆಯೂ ಇಲ್ಲದೆ.

"ಏನ್ರೀ, ಎಲ್ಲಿ ನಿಂತ್ರಿ?" ಪಕ್ಕದಲ್ಲಿ ಕೂತ ಹೆಂಡತಿ ಕೇಳಿದಳು.

ಫಾರಂ ತೋರಿಸಿದೆ. ಅವಳು ಓದಿ ಮರಳಿ ಕೊಟ್ಟಳು. ನಾನು ಪೆನ್ನನ್ನು ಎಡಗೈಗೆ ಬದಲಾಯಿಸಿ ಕಾಯುತ್ತಾ ಕೂತೆ, ಅದು ಯಾವ ಚೌಕಕ್ಕೆ ಹೋಗುತ್ತದೋ ನೋಡೋಣ ಎಂದು.